ಕಡಲು ಕಾಯುವ ಸರಕು ವಿಮಾನ: ಪೂರ್ವ ಬೆಂಗಳೂರಿನ ಸಣ್ಣ ಉದ್ಯಮದ ಮುಂದಿರುವ ಅವಕಾಶ

ಸೇನೆಯ ಸರಕು ವಿಮಾನವನ್ನು ನೀರಿನ ಮೇಲೆ ಇಳಿಸಬಹುದೇ, ಕಡಲ ಕಾವಲಿಗೆ ಬಳಸಬಹುದೇ ಎಂಬ ಚರ್ಚೆ ಕಳೆದ ಕೆಲವು ವರ್ಷಗಳಲ್ಲಿ ಮತ್ತೆ ಚುರುಕಾಗಿದೆ. ಕಡಲಿನಿಂದ ಸುಮಾರು 300 ಕಿ.ಮೀ. ದೂರದಲ್ಲಿ, 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿಗೂ ಈ ಚರ್ಚೆಗೂ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಹಲಸೂರು ದಾಟಿದ ಮೇಲೆ ಇಂದಿರಾನಗರದಿಂದ ವಿಮಾನಪುರ, ಮಾರತ್ತಹಳ್ಳಿಗಳವರೆಗೆ ಹಬ್ಬಿರುವ ಭೂಭಾಗವು ಎಂಟು ದಶಕಗಳಿಂದ ಮಾಡುತ್ತ ಬಂದಿರುವ ಕೆಲಸವೇ ಇದು. ಇದರಲ್ಲಿ ಲಾಭ ಎಲ್ಲಿದೆ, ಕೇವಲ ಬೆರಗು ಎಲ್ಲಿದೆ ಎಂಬುದನ್ನು ಸಣ್ಣ ಉತ್ಪಾದಕರು ಬೇರ್ಪಡಿಸಿ ನೋಡಬೇಕಾದ ಕಾಲ ಈಗ ಬಂದಿದೆ.

ಕೆರೆಗೆ ಇಳಿದ ವಿಮಾನಗಳು

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಎರಡನೆಯ ಮಹಾಯುದ್ಧ ತೀವ್ರಗೊಂಡಂತೆ, 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಗಿ ಪರಿವರ್ತನೆಗೊಂಡಿತು. ಅಲ್ಲಿ ದುರಸ್ತಿಗೊಂಡ ವಿಮಾನಗಳಲ್ಲಿ ಕ್ಯಾಟಲಿನಾ ಎಂಬ ಜಲವಿಮಾನಗಳೂ ಇದ್ದವು. ಓಡುದಾರಿಯ ಬದಲು ನೀರನ್ನೇ ನೆಚ್ಚಿದ್ದ ಈ ವಿಮಾನಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. 2015ರಲ್ಲಿ ನೊರೆಯಿಂದಲೂ 2017 ಮತ್ತು 2018ರಲ್ಲಿ ಬೆಂಕಿಯಿಂದಲೂ ಸುದ್ದಿಯಾದ ಅದೇ ಕೆರೆ ಒಂದು ಕಾಲದಲ್ಲಿ ವಿಮಾನಗಳ ತಂಗುದಾಣವಾಗಿತ್ತೆಂಬುದನ್ನು ನಗರ ಮರೆತಿದೆ.

ಯುದ್ಧ ಮುಗಿದ ಬಳಿಕ ಕಾರ್ಖಾನೆಯನ್ನು ಬದುಕಿಸಿದ್ದು ಹೊಸ ವಿಮಾನಗಳ ನಿರ್ಮಾಣಕ್ಕಿಂತ ಹೆಚ್ಚಾಗಿ ಹಳೆಯವುಗಳ ಮಾರ್ಪಾಟು. ಮಾರಾಟಕ್ಕೆ ಬಂದ ಸೇನಾ ಡಕೋಟಾಗಳನ್ನು ಇಲ್ಲಿ ನಾಗರಿಕ ವಿಮಾನಗಳಾಗಿ ಬದಲಾಯಿಸಲಾಯಿತು. ಅದಕ್ಕಿಂತ ಗಮನಾರ್ಹವಾದುದು ಲಿಬರೇಟರ್ ವಿಮಾನಗಳ ಪುನರ್ಜನ್ಮ. ನಾಲ್ಕು ಎಂಜಿನ್ನುಗಳ ಈ ಬಾಂಬರುಗಳನ್ನು ಮತ್ತಾರೂ ಬಳಸಬಾರದೆಂದು ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟುಹೋಗಲಾಗಿತ್ತು. ಸುಮಾರು 40 ವಿಮಾನಗಳನ್ನು ಹಾರುವಷ್ಟು ಮಟ್ಟಿಗೆ ಅಲ್ಲಿಯೇ ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ತಂದು, ಸಂಪೂರ್ಣ ಪುನರ್ನಿರ್ಮಿಸಿ ವಾಯುಪಡೆಗೆ ಒಪ್ಪಿಸಲಾಯಿತು. 1948ರ ನವೆಂಬರಿನಲ್ಲಿ ಮೊದಲ ತಂಡ ಸೇವೆಗೆ ಸೇರಿತು. 1951ರಿಂದ ವಾಯುಪಡೆಯ 6ನೇ ಸ್ಕ್ವಾಡ್ರನ್ ಇವುಗಳಿಂದಲೇ ಕಡಲ ಗಸ್ತು ನಡೆಸಿತು. 1968ರ ಕೊನೆಯವರೆಗೆ ಅವು ಹಾರಿದವು. ಗುಜರಿಗೆ ಬಿದ್ದ ವಸ್ತುವಿನಿಂದ ಮೌಲ್ಯ ತೆಗೆಯುವ ಕಲೆಯನ್ನು ಶಿವಾಜಿನಗರದ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಕಲೆ ಅಂದು ರಾಷ್ಟ್ರದ ಕಡಲ ಕಾವಲಿಗೆ ಆಧಾರವಾಯಿತು.

ಮುಂದೆಯೂ ಇದೇ ಪರಂಪರೆ. ಏರ್ ಇಂಡಿಯಾದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳು ಮೊದಲು ವಾಯುಪಡೆಗೆ, 1976ರಲ್ಲಿ ನೌಕಾಪಡೆಗೆ ವರ್ಗಾವಣೆಗೊಂಡು ಕಡಲ ಗಸ್ತು ಮಾಡಿದವು. ನೌಕಾಪಡೆಯ ಪಿ-8ಐ ವಿಮಾನವೂ ಮೂಲತಃ ಬೋಯಿಂಗ್ 737 ಪ್ರಯಾಣಿಕ ವಿಮಾನವೇ. ಬೇರೊಂದು ಉದ್ದೇಶಕ್ಕೆ ನಿರ್ಮಿಸಿದ ವಿಮಾನವನ್ನು ಕಡಲಿಗೆ ಒಗ್ಗಿಸುವುದು ಅಪವಾದವಲ್ಲ, ವಾಡಿಕೆ.

ನೀರಿಗಿಳಿಯುವ ಮೋಹ

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಡಲನ್ನು ಕಾಯುವುದು ಬೇರೆ, ಕಡಲಿಗೆ ಇಳಿಯುವುದು ಬೇರೆ. ನೀರಿಗೆ ಇಳಿಯಬೇಕಾದ ವಿಮಾನದ ತಳ ದೋಣಿಯಂತಿರಬೇಕು, ಇಲ್ಲವೇ ಅದಕ್ಕೆ ದೋಣಿಯಾಕಾರದ ಫ್ಲೋಟುಗಳನ್ನು ಕಟ್ಟಬೇಕು. ಫ್ಲೋಟುಗಳ ಭಾರ ಹೊರುವ ಸರಕಿನಲ್ಲಿ ಕಡಿತವಾಗುತ್ತದೆ. ಗಾಳಿಯ ಪ್ರತಿರೋಧ ಹೆಚ್ಚಿ ವೇಗ ತಗ್ಗುತ್ತದೆ, ಇಂಧನ ಹೆಚ್ಚು ವ್ಯಯವಾಗುತ್ತದೆ. ಅಲೆಯ ಹೊಡೆತ ತಾಳಲು ಒಡಲನ್ನು ಬಲಪಡಿಸಬೇಕು. ಉಪ್ಪುನೀರು ಪ್ರತಿಯೊಂದು ಕೀಲನ್ನೂ ತಿನ್ನುತ್ತದೆ.

ಅಮೆರಿಕವು ಯುದ್ಧಕಾಲದಲ್ಲಿಯೇ ಡಕೋಟಾಗೆ ಬೃಹತ್ ಫ್ಲೋಟುಗಳನ್ನು ಜೋಡಿಸಿ ಪ್ರಯೋಗ ನಡೆಸಿತ್ತು. ವಿಮಾನ ನೀರಿನಿಂದ ಮೇಲೇರಿತು. ಆದರೆ ಸರಕು ಒಯ್ಯುವ ಸಾಮರ್ಥ್ಯ ಕುಗ್ಗಿದ್ದರಿಂದ ವ್ಯಾಪಕ ಉತ್ಪಾದನೆ ನಡೆಯಲಿಲ್ಲ. 2021ರಲ್ಲಿ ಅದೇ ದೇಶದ ವಿಶೇಷ ಪಡೆಗಳು ಸಿ-130 ಸರಕು ವಿಮಾನಕ್ಕೆ ಕಳಚಬಹುದಾದ ಫ್ಲೋಟುಗಳನ್ನು ಅಳವಡಿಸುವ ಯೋಜನೆ ಪ್ರಕಟಿಸಿದವು. ಸುಮಾರು ಎರಡು ವರ್ಷಗಳಲ್ಲಿ ಪ್ರದರ್ಶಿಸುವ ಗುರಿ ಈಡೇರಲಿಲ್ಲ. ಹುಟ್ಟಿನಿಂದಲೇ ಜಲವಿಮಾನವಾದ ಜಪಾನಿನ ಯುಎಸ್-2ನ್ನು ಕೊಳ್ಳುವ ಬಗ್ಗೆ ಭಾರತ ವರ್ಷಗಟ್ಟಲೆ ನಡೆಸಿದ ಮಾತುಕತೆಯೂ, ಬೆಲೆಯ ಪ್ರಶ್ನೆ ದೊಡ್ಡದಾಗಿ, ಒಪ್ಪಂದದ ಹಂತ ಮುಟ್ಟಲಿಲ್ಲ. ನಾಗರಿಕ ಕ್ಷೇತ್ರದಲ್ಲಿಯೂ 2020ರ ಅಕ್ಟೋಬರಿನಲ್ಲಿ ಅಹಮದಾಬಾದಿನ ಸಾಬರಮತಿಯಿಂದ ಕೇವಡಿಯಾಕ್ಕೆ ಆರಂಭಗೊಂಡ ಜಲವಿಮಾನ ಸೇವೆ ಮರುವರ್ಷವೇ ನಿಂತುಹೋಯಿತು.

ಈ ನಿದರ್ಶನಗಳಿಂದ ತಿಳಿಯುವುದಿಷ್ಟೆ: ನೀರಿಗಿಳಿಯುವ ಸರಕು ವಿಮಾನ ತಾಂತ್ರಿಕವಾಗಿ ಸಾಧ್ಯ, ವ್ಯಾವಹಾರಿಕವಾಗಿ ದುಬಾರಿ. ಅದನ್ನು ನಂಬಿ ಯಂತ್ರ ಕೊಳ್ಳುವ, ಸಾಲ ಎತ್ತುವ ಸಾಹಸಕ್ಕೆ ಸಣ್ಣ ಉದ್ಯಮಿ ಮುಂದಾಗಬಾರದು.

ಅವಕಾಶ ಇರುವುದೆಲ್ಲಿ

ಏಳೂವರೆ ಸಾವಿರ ಕಿ.ಮೀ. ಎಂದು ದೀರ್ಘಕಾಲ ಎಣಿಸುತ್ತಿದ್ದ ಭಾರತದ ಕರಾವಳಿ ಹೊಸ ಅಳತೆಯಂತೆ 11,098 ಕಿ.ಮೀ. ಇದೆ. 2008ರ ನವೆಂಬರಿನಲ್ಲಿ ಮುಂಬಯಿಗೆ ಭಯೋತ್ಪಾದಕರು ಬಂದದ್ದು ಇದೇ ಕಡಲ ಹಾದಿಯಿಂದ. ಈ ವಿಸ್ತಾರವನ್ನು ಪಿ-8ಐಗಳು ಮಾತ್ರ ಕಾಯಲಾರವು. 2009 ಮತ್ತು 2016ರ ಆದೇಶಗಳಿಂದ ಬಂದ ಆ ವಿಮಾನಗಳು ಒಟ್ಟು 12. ಆದ್ದರಿಂದಲೇ ಮಧ್ಯಮ ದೂರದ ಗಸ್ತಿಗೆ ಸರಕು ವಿಮಾನದ ಮೇಲೆ ಕಣ್ಣು ಬಿದ್ದಿದೆ.

2021ರ ಸೆಪ್ಟೆಂಬರಿನಲ್ಲಿ ವಾಯುಪಡೆಗೆ 56 ಸಿ-295 ಸರಕು ವಿಮಾನಗಳನ್ನು ಕೊಳ್ಳುವ ಒಪ್ಪಂದವಾಯಿತು. ಅವುಗಳಲ್ಲಿ 40ನ್ನು ಭಾರತದಲ್ಲಿ ತಯಾರಿಸಬೇಕು. ಅದರ ವಡೋದರಾ ಘಟಕ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು. ಇದೇ ವಿಮಾನವನ್ನು ಆಧರಿಸಿ ನೌಕಾಪಡೆಗೆ 9, ಕರಾವಳಿ ಕಾವಲು ಪಡೆಗೆ 6 ಗಸ್ತು ವಿಮಾನಗಳನ್ನು ಸಿದ್ಧಪಡಿಸುವ ಪ್ರಸ್ತಾವಕ್ಕೆ 2024ರ ಫೆಬ್ರುವರಿಯಲ್ಲಿ ರಕ್ಷಣಾ ಖರೀದಿ ಮಂಡಳಿ ಒಪ್ಪಿಗೆ ನೀಡಿತು. ಒಪ್ಪಿಗೆಯೇ ಖರೀದಿ ಆದೇಶವಲ್ಲವೆಂಬುದು ನಿಜ. ಆದರೂ ದಿಕ್ಕು ಸ್ಪಷ್ಟವಾಗಿದೆ.

ವಿಮಾನದ ಒಡಲು ಗುಜರಾತಿನಲ್ಲಿ ರೂಪುಗೊಳ್ಳುವುದರಿಂದ ಬೆಂಗಳೂರಿಗೆ ಉಳಿಯುವುದೇನು ಎಂಬ ಸಂಶಯ ಮೂಡಬಹುದು. ಸರಕು ವಿಮಾನವನ್ನು ಗಸ್ತು ವಿಮಾನವಾಗಿಸುವುದು ಅದರ ಒಡಲಲ್ಲ, ಒಳಗಿನ ಸಲಕರಣೆ. ಹೊಟ್ಟೆಯಡಿಯ ರೇಡಾರ್, ಅದನ್ನು ಮುಚ್ಚುವ ಗುಮ್ಮಟ, ಹಗಲಿರುಳೂ ಕಾಣುವ ಕ್ಯಾಮೆರಾ, ಸಿಬ್ಬಂದಿ ಕೂರುವ ನಿಯಂತ್ರಣ ಮೇಜುಗಳು, ಉಪಕರಣಗಳ ಚೌಕಟ್ಟುಗಳು, ತಂತಿಗಳ ಜಾಲ, ವಿದ್ಯುತ್ ಮತ್ತು ತಂಪು ಪೂರೈಕೆಯ ವ್ಯವಸ್ಥೆ, ಹೊರಕ್ಕೆ ಉಬ್ಬಿದ ವೀಕ್ಷಣಾ ಕಿಟಕಿಗಳು, ಜೀವರಕ್ಷಕ ದೋಣಿಗಳನ್ನು ಕೆಳಗೆ ಬಿಡುವ ಏರ್ಪಾಡು: ಇವೆಲ್ಲ ಸೇರಿದಾಗಲೇ ಸರಕು ವಿಮಾನಕ್ಕೆ ಕಡಲಿನ ಕಣ್ಣು ಬರುತ್ತದೆ. ಯೋಜನೆಯಂತೆ ಈ ಸಲಕರಣೆಗಳ ಹೊಣೆ ಹೊರುವುದು ಡಿಆರ್‌ಡಿಒದ ವಾಯುಗಾಮಿ ವ್ಯವಸ್ಥೆಗಳ ಕೇಂದ್ರ, ಅಂದರೆ ಸಿಎಬಿಎಸ್. ಅದು ಇರುವುದು ಬೆಳ್ಳಂದೂರು ಕೆರೆಯ ಸಮೀಪದ ಯಮಲೂರಿನಲ್ಲಿ. ಕಡಲ ಗಸ್ತಿನ ರೇಡಾರುಗಳನ್ನು ರೂಪಿಸಿದ ಎಲ್‌ಆರ್‌ಡಿಇ ಇಂದಿರಾನಗರಕ್ಕೆ ಹತ್ತಿರದ ಸಿ.ವಿ. ರಾಮನ್ ನಗರದಲ್ಲಿದೆ. ಸೇನಾ ವಿಮಾನಗಳ ಹಾರಾಟಯೋಗ್ಯತೆಯನ್ನು ದೃಢೀಕರಿಸುವ ಸೆಮಿಲ್ಯಾಕ್ ಮಾರತ್ತಹಳ್ಳಿಯಲ್ಲಿದೆ. 2008ರಲ್ಲಿ ನಾಗರಿಕ ಸಂಚಾರವನ್ನು ದೇವನಹಳ್ಳಿಗೆ ಬಿಟ್ಟುಕೊಟ್ಟ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಪ್ರಯೋಗಾರ್ಥ ಹಾರಾಟಗಳಿಗೆ ನೆಲೆಯಿದೆ. ಇಷ್ಟೆಲ್ಲ ಸೌಕರ್ಯಗಳು ಹೀಗೆ ಒತ್ತಟ್ಟಿಗಿರುವ ಪ್ರದೇಶ ದೇಶದಲ್ಲಿ ಬೇರೊಂದಿಲ್ಲ.

ಈ ಕೆಲಸದ ಪರಿಮಾಣವೂ ಸಣ್ಣ ಘಟಕಗಳಿಗೆ ಹೇಳಿ ಮಾಡಿಸಿದಂತಿದೆ. 15 ವಿಮಾನಗಳಿಗೆ ಬೇಕಾಗುವುದು 15, 30 ಅಥವಾ 60ರ ಸಂಖ್ಯೆಯ ಬಿಡಿಭಾಗಗಳು. ಬಗೆಗಳು ಮಾತ್ರ ಹಲವು. ಲಕ್ಷಗಟ್ಟಲೆ ಒಂದೇ ವಸ್ತುವನ್ನು ಅಚ್ಚೊತ್ತುವ ದೊಡ್ಡ ಕಾರ್ಖಾನೆಗೆ ಇದು ರುಚಿಸದು. ಕೆ.ಆರ್. ಪುರ, ಮಹದೇವಪುರ, ದೊಡ್ಡನೆಕ್ಕುಂದಿಗಳ ಶೆಡ್ಡುಗಳಲ್ಲಿ ನಾಲ್ಕಾರು ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ದಿನಕ್ಕೊಂದು ನಕ್ಷೆಯ ಕೆಲಸ ಮಾಡುವವರಿಗೆ ಇದೇ ನಿತ್ಯದ ರೂಢಿ. ಪಿ-8 ವಿಮಾನಗಳ ಉಪಕರಣ ಪೆಟ್ಟಿಗೆಗಳನ್ನು ಪೀಣ್ಯದ ಡೈನಮ್ಯಾಟಿಕ್ ಸಂಸ್ಥೆ ತಯಾರಿಸಿ ಕಳುಹಿಸಿದ್ದು, ಪಿ-8ಐಗೆ ಬಿಇಎಲ್ ಮಾಹಿತಿ ಸಂಪರ್ಕ ವ್ಯವಸ್ಥೆ ಪೂರೈಸಿದ್ದು ನಗರದ ಸಾಮರ್ಥ್ಯಕ್ಕೆ ಸಾಕ್ಷಿ. ಇದಲ್ಲದೆ, ಉಪ್ಪುಗಾಳಿಯಲ್ಲಿ ಹಾರುವ ವಿಮಾನಕ್ಕೆ ಸೀಲು, ಗ್ಯಾಸ್ಕೆಟ್ಟು, ರಿವೆಟ್ಟು, ಲೋಹಲೇಪನಗಳ ಅಗತ್ಯ ಅದರ ಸೇವಾವಧಿಯುದ್ದಕ್ಕೂ ತೀರುವುದಿಲ್ಲ. ಮಾರ್ಪಾಟಿನ ಆದೇಶ ಒಮ್ಮೆ ಮುಗಿಯುತ್ತದೆ. ನಿರ್ವಹಣೆಯ ವ್ಯಾಪಾರ ದಶಕಗಳ ಕಾಲ ನಡೆಯುತ್ತದೆ.

ಮಾಡಬೇಕಾದ ಸಿದ್ಧತೆ

ಹೀಗೆಂದು ಅವಕಾಶ ತಾನಾಗಿ ಬಾಗಿಲಿಗೆ ಬಾರದು. ಮೊದಲನೆಯ ಅಡ್ಡಿ ಪ್ರಮಾಣೀಕರಣ. ವಿಮಾನದ ಮಾರ್ಪಾಟಿನಲ್ಲಿ ಒಂದು ಚಿಕ್ಕ ಲೋಪವೂ ಪ್ರಾಣಾಂತಿಕ. 1999ರ ಜನವರಿ 11ರಂದು ಇದೇ ಸಿಎಬಿಎಸ್ ಸಿದ್ಧಪಡಿಸುತ್ತಿದ್ದ, ಬೆನ್ನ ಮೇಲೆ ರೇಡಾರ್ ಗುಮ್ಮಟ ಹೊತ್ತ ಆವ್ರೊ ವಿಮಾನ ಅರಕ್ಕೋಣಂ ಬಳಿ ಪತನಗೊಂಡು ಎಂಟು ಮಂದಿ ಅಸುನೀಗಿದರು. ಆ ಯೋಜನೆ ಅಲ್ಲಿಗೆ ನಿಂತಿತು. ಸ್ವದೇಶಿ ಕಣ್ಗಾವಲು ವಿಮಾನ ‘ನೇತ್ರ’ ವಾಯುಪಡೆಯ ಕೈಸೇರುವ ಹೊತ್ತಿಗೆ 2017 ಬಂದಿತ್ತು. ಆದ್ದರಿಂದ ಎಎಸ್-9100 ಪ್ರಮಾಣಪತ್ರ, ಲೇಪನ ಮತ್ತು ಉಷ್ಣಸಂಸ್ಕಾರದಂಥ ಪ್ರಕ್ರಿಯೆಗಳಿಗೆ ಬೇಕಾದ ನ್ಯಾಡ್‌ಕ್ಯಾಪ್ ಮಾನ್ಯತೆ ಇವುಗಳನ್ನು ಕಿರುಕುಳವೆಂದು ಬಗೆಯದೆ, ಈ ವ್ಯಾಪಾರದ ಪ್ರವೇಶಪತ್ರವೆಂದೇ ತಿಳಿಯಬೇಕು. ವರ್ತಕರಿಗೂ ಈ ಮಾತು ಅನ್ವಯಿಸುತ್ತದೆ. ಯಾವ ಕರಗುಕುಲುಮೆಯಿಂದ, ಯಾವ ತಂಡದಲ್ಲಿ ಬಂದ ಲೋಹವೆಂಬ ದಾಖಲೆ ಇರುವ ಬೋಲ್ಟು ವಿಮಾನದ ಭಾಗ. ದಾಖಲೆಯಿಲ್ಲದ ಬೋಲ್ಟು ಎಷ್ಟೇ ಗಟ್ಟಿಯಾಗಿರಲಿ, ಗುಜರಿ.

ಎರಡನೆಯದು ಪರೀಕ್ಷಾ ಸೌಲಭ್ಯ. ಉಪ್ಪುಮಂಜು, ಕಂಪನ, ವಿದ್ಯುತ್ಕಾಂತೀಯ ಪರೀಕ್ಷೆಗಳ ಯಂತ್ರಗಳನ್ನು ಒಂಟಿ ಘಟಕ ಕೊಳ್ಳಲಾರದು. ಕೇಂದ್ರ ಸರ್ಕಾರ 2020ರಲ್ಲಿ 400 ಕೋಟಿ ರೂಪಾಯಿಗಳ ರಕ್ಷಣಾ ಪರೀಕ್ಷಾ ಮೂಲಸೌಕರ್ಯ ಯೋಜನೆ ಪ್ರಕಟಿಸಿ, ವೆಚ್ಚದ ಶೇ. 75ರವರೆಗೆ ಅನುದಾನ ನೀಡಲು ಮುಂದಾಯಿತು. ಆದರೆ 2018ರಲ್ಲಿ ಘೋಷಿತವಾದ ಎರಡು ರಕ್ಷಣಾ ಕಾರಿಡಾರುಗಳು ದೊರೆತದ್ದು ತಮಿಳುನಾಡು ಮತ್ತು ಉತ್ತರ ಪ್ರದೇಶಕ್ಕೆ. ಈ ಯೋಜನೆಯ ಒಲವೂ ಅತ್ತಲೇ. ಪೂರ್ವ ಬೆಂಗಳೂರಿನ ಘಟಕಗಳು ಒಕ್ಕೂಟ ಕಟ್ಟಿಕೊಂಡು, ಸಾಮಾನ್ಯ ಲೇಪನ ಮತ್ತು ಪರೀಕ್ಷಾ ಕೇಂದ್ರವೊಂದಕ್ಕೆ ರಾಜ್ಯ ಸರ್ಕಾರದಿಂದ ಕೈಗಾರಿಕಾ ನಿವೇಶನವನ್ನೂ ಕೇಂದ್ರದಿಂದ ಅನುದಾನವನ್ನೂ ಒಟ್ಟಾಗಿ ಕೇಳುವುದು ಸೂಕ್ತ. ಶೆಡ್ಡುಗಳ ಜಾಗವೆಲ್ಲ ಕಚೇರಿ ಕಟ್ಟಡ, ವಸತಿ ಸಂಕೀರ್ಣಗಳಾಗುತ್ತಿರುವಾಗ ಈ ಬೇಡಿಕೆಯನ್ನು ಮುಂದೂಡುವಂತಿಲ್ಲ.

ಮೂರನೆಯದು ಹಣ. ವಿಮಾನದ ಬಿಡಿಭಾಗ ತಯಾರಾಗಿ, ಪರೀಕ್ಷೆಗೊಳಪಟ್ಟು, ಸ್ವೀಕೃತವಾಗಿ, ಹಣ ಕೈಸೇರುವಷ್ಟರಲ್ಲಿ ಸಣ್ಣ ಘಟಕದ ದುಡಿಯುವ ಬಂಡವಾಳ ಬತ್ತಿಹೋಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಖರೀದಿದಾರನಿಗೆ ಹೆಚ್ಚೆಂದರೆ 45 ದಿನಗಳ ಗಡುವು ವಿಧಿಸಿದೆ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಸಾರ್ವಜನಿಕ ವಲಯದ ಖರೀದಿಯಲ್ಲಿ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಶೇ. 25ರಷ್ಟು ಪಾಲು ಮೀಸಲಿದೆ. ಕಾನೂನು ಬಲವಾಗಿಯೇ ಇದೆ. ಮುಂದಿನ ಆದೇಶ ಕೈತಪ್ಪೀತೆಂಬ ಅಂಜಿಕೆಯಿಂದ ಅದನ್ನು ಬಳಸುವವರು ವಿರಳ. ಒಬ್ಬೊಬ್ಬರಾಗಿ ಕೇಳಲು ಅಂಜುವುದನ್ನು ವಾಣಿಜ್ಯ ಸಂಸ್ಥೆಗಳು ಸಾಮೂಹಿಕವಾಗಿ ಕೇಳಬಹುದು, ಕೇಳಬೇಕು. ವರ್ತಕರು ಮಾತ್ರ ಒಂದು ಅಂಶವನ್ನು ಗಮನದಲ್ಲಿಡಬೇಕು: 2021ರಲ್ಲಿ ಅವರಿಗೆ ದೊರೆತ ಉದ್ಯಮ್ ನೋಂದಣಿಯ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ, 45 ದಿನಗಳ ರಕ್ಷಣೆ ಅವರಿಗಿಲ್ಲ. ಆದುದರಿಂದ ಪಾವತಿಯ ಷರತ್ತನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮ.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ರಕ್ಷಣಾ ಖರೀದಿ ನಿಧಾನಗತಿಯದು. ಇದೊಂದನ್ನೇ ನಂಬಿದ ಘಟಕ ಆದೇಶಕ್ಕೆ ಕಾಯುತ್ತಲೇ ಸೊರಗಬಹುದು. ವಾಹನ, ವೈದ್ಯಕೀಯ ಉಪಕರಣ ಮೊದಲಾದ ಈಗಿನ ಗಿರಾಕಿಗಳನ್ನು ಉಳಿಸಿಕೊಂಡು, ಸಾಮರ್ಥ್ಯದ ಒಂದಂಶವನ್ನು ಮಾತ್ರ ಇತ್ತ ತೊಡಗಿಸುವುದು ವಿವೇಕ. ಪ್ರಮಾಣಪತ್ರಕ್ಕೆ ಹಾಕಿದ ಹಣ ಹೇಗೂ ವ್ಯರ್ಥವಾಗದು. ಅದೇ ಗುಣಮಟ್ಟ ರಫ್ತಿನ ಬಾಗಿಲನ್ನೂ ತೆರೆಯುತ್ತದೆ.

ಕಾನ್ಪುರದ ಗುಜರಿಯಿಂದ ಲಿಬರೇಟರುಗಳನ್ನು ಎಬ್ಬಿಸಿ ತಂದ ಕಾಲದಲ್ಲಿ ಈ ನಗರಕ್ಕೆ ಇಂದಿನ ಯಂತ್ರಗಳಿರಲಿಲ್ಲ, ಪ್ರಯೋಗಾಲಯಗಳಿರಲಿಲ್ಲ. ಇದ್ದದ್ದು ಕುಶಲ ಕೈಗಳು ಮತ್ತು ಒಪ್ಪಿಕೊಂಡ ಕೆಲಸವನ್ನು ಮುಗಿಸುವ ಹಟ. ಇಂದು ಯಂತ್ರವಿದೆ, ಪ್ರಯೋಗಾಲಯವಿದೆ, ಕೈಯ ಕುಶಲತೆಯೂ ಇದೆ, ಕೊರತೆಯಿರುವುದು ಒಗ್ಗಟ್ಟಿಗೆ. ಆದೇಶ ಹೊರಬಿದ್ದ ಮೇಲೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರಿಗೆ ಉಪಗುತ್ತಿಗೆಯ ಉಪಗುತ್ತಿಗೆಯೇ ಗತಿ. ಮೊದಲೇ ಸಿದ್ಧರಾದವರ ಹೆಸರು ಪೂರೈಕೆದಾರರ ಪಟ್ಟಿಯಲ್ಲಿರುತ್ತದೆ.