ಹಳೆಯ ಕಾಫಿ ಮೆಷಿನ್ ಮನೆಗೆ ಬಂದಾಗ

ಪೇಟೆಯಲ್ಲಿ ಕೆಫೆಯೊಂದು ಬಾಗಿಲು ಮುಚ್ಚಿದರೆ ಅದರ ಮೇಜು ಕುರ್ಚಿಗಳ ಜೊತೆಗೆ ಎಸ್ಪ್ರೆಸ್ಸೊ ಯಂತ್ರವೂ ಮಾರಾಟಕ್ಕೆ ಬರುತ್ತದೆ. ಒಳ್ಳೆಯ ಕಂಪೆನಿಯ ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು. ಹಳೆಯದು ಅದರ ಒಂದು ಪಾಲಿಗೆ ಸಿಗುತ್ತದೆ. ಗಲ್ಫ್‌ನ ಕೆಫೆಟೇರಿಯಾಗಳಲ್ಲಿ ದುಡಿದು ಊರಿಗೆ ಮರಳಿ ಸ್ವಂತ ಅಂಗಡಿ ತೆರೆಯಬಯಸುವವರಿಗೆ, ಕೈಕೆಲಸದ ಹುಚ್ಚಿರುವ ಹುಡುಗರಿಗೆ ಇದು ದೊಡ್ಡ ಆಕರ್ಷಣೆ. ಅಂಥ ಯಂತ್ರವೊಂದು ನಿಮ್ಮ ಮನೆಯ ಜಗಲಿಗೂ ಬಂದು ಕೂತಿರಬಹುದು. ಆಗ ಮನೆಯವರಿಗೆ ಎರಡು ಚಿಂತೆ. ಕೊಟ್ಟ ಹಣ ನೀರಲ್ಲಿ ಹೋಮವಾಯಿತೇ? ಮಕ್ಕಳು ಓಡಾಡುವ ಮನೆಯಲ್ಲಿ ಇದು ಅಪಾಯವಲ್ಲವೇ? ಎರಡೂ ನ್ಯಾಯವಾದ ಪ್ರಶ್ನೆಗಳೇ.

ಮೊದಲು ಎಸ್ಪ್ರೆಸ್ಸೊ ಎಂದರೇನೆಂದು ತಿಳಿಯೋಣ. ನಮ್ಮ ಮದುವೆ ಮನೆಗಳಲ್ಲಿ ‘ಎಕ್ಸ್‌ಪ್ರೆಸ್ ಕಾಫಿ’ ಎಂದು ಕೊಡುತ್ತಿದ್ದುದು ನಿಮಗೆ ನೆನಪಿರಬಹುದು. ಅದು ಹೆಚ್ಚಾಗಿ ಇನ್‌ಸ್ಟಂಟ್ ಪುಡಿ ಹಾಕಿದ ಹಾಲಿಗೆ ಹಬೆ ಊದಿ ನೊರೆ ಬರಿಸಿದ ಕಾಫಿ. ನಿಜವಾದ ಎಸ್ಪ್ರೆಸ್ಸೊದಲ್ಲಿ ನುಣ್ಣಗೆ ಬೀಸಿದ ಪುಡಿಯನ್ನು ಒತ್ತಿ ಕೂರಿಸಿ, ಅದರೊಳಗಿಂದ 90ರಿಂದ 96 ಡಿಗ್ರಿ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಹಾಯಿಸುತ್ತಾರೆ. ಅರ್ಧ ನಿಮಿಷದೊಳಗೆ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ.

ಇದು ಇಟಲಿಯ ವಿದ್ಯೆ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯಿಂದ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಮಿಲಾನ್‌ನ ಲೂಯಿಜಿ ಬೆಜ್ಜೆರಾ 1901ರಲ್ಲಿ ಅದನ್ನು ಸುಧಾರಿಸಿದರು. 1948ರಲ್ಲಿ ಗಾಜಿಯಾ ಕಂಪೆನಿಯ ಸನ್ನೆಕೋಲಿನ ಯಂತ್ರ ಬಂತು. 1961ರಲ್ಲಿ ಫಾಯೆಮಾ ಕಂಪೆನಿ ‘ಇ61’ ಎಂಬ ಪಂಪಿನ ಯಂತ್ರ ತಂದಿತು. ಅದರ ಹಿತ್ತಾಳೆಯ ಗುಂಡು ತಲೆಯನ್ನು ಇಂದಿಗೂ ಹಲವು ಕಂಪೆನಿಗಳು ಬಳಸುತ್ತವೆ, ಅದರ ರಬ್ಬರ್ ಉಂಗುರವೂ ಸಿಗುತ್ತದೆ. ಹಳೆಯ ಯಂತ್ರಗಳಿಗೆ ಮರುಜೀವ ಕೊಡಲು ಆಗುವುದು ಇದರಿಂದಲೇ. ಒಳಗಿನ ತಾಮ್ರ, ಹಿತ್ತಾಳೆ ಬೇಗ ಸಾಯುವುದಿಲ್ಲ. ಸಾಯುವುದು ರಬ್ಬರ್, ವಾಲ್ವ್ ಮತ್ತು ವೈರುಗಳು.

ದೊಡ್ಡದೊಂದು ಕುಕ್ಕರ್

ಈ ಯಂತ್ರವನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಪ್ರೆಶರ್ ಕುಕ್ಕರ್ ಸಾಕು. ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಸುಮಾರು 1 ಬಾರ್, ಬಿಸಿ ಸುಮಾರು 120 ಡಿಗ್ರಿ. ಕಾಫಿ ಯಂತ್ರದ ಬಾಯ್ಲರ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ, 1ರಿಂದ 1.3 ಬಾರ್. ಕಾಫಿ ಇಳಿಸುವ 9 ಬಾರ್ ಒತ್ತಡ ಕೊಡುವುದು ಪಂಪ್, ಬಾಯ್ಲರ್ ಅಲ್ಲ. ಕುಕ್ಕರ್‌ಗೆ ಗ್ಯಾಸ್ಕೆಟ್ ಇರುವಂತೆ ಇದಕ್ಕೂ ಇದೆ. ಅಲ್ಲಿ ಸೇಫ್ಟಿ ವಾಲ್ವ್ ಇರುವಂತೆ ಇಲ್ಲೂ ಇದೆ.

ವ್ಯತ್ಯಾಸ ಎರಡು. ಕುಕ್ಕರ್‌ನಲ್ಲಿರುವುದು ಸ್ವಲ್ಪ ನೀರು, ಇದರಲ್ಲಿ ಹತ್ತು ಲೀಟರ್‌ಗೂ ಹೆಚ್ಚು ಇರಬಹುದು. ಕುಕ್ಕರ್‌ನ ಎದುರು ನೀವು ನಿಂತಿರುತ್ತೀರಿ, ಇದು ದಿನವಿಡೀ ತನ್ನಷ್ಟಕ್ಕೆ ಉರಿಯುತ್ತದೆ. ಸೀಟಿ ಕಟ್ಟಿಕೊಂಡ ಕುಕ್ಕರನ್ನು ಹೊರಗಿನಿಂದ ಎಷ್ಟು ತಿಕ್ಕಿ ಬೆಳಗಿಸಿದರೂ ನೀವು ಒಲೆಯ ಮೇಲೆ ಇಡುವುದಿಲ್ಲ ತಾನೇ? ಈ ಯಂತ್ರಕ್ಕೂ ಅದೇ ನ್ಯಾಯ. ಕಾಯುವ ಭಾಗಗಳು ಮೊದಲು, ಹೊಳಪು ಕೊನೆಗೆ.

ಕೊಳ್ಳುವ ಮೊದಲು

ಮೈಮೇಲಿನ ಸ್ಟೀಲ್ ಹೊಳಪು ನೋಡಿ ಮರುಳಾಗಬೇಡಿ. ಪಕ್ಕದ ತಗಡು ಬಿಚ್ಚಿಸಿ ಒಳಗೆ ನೋಡಿ. ಬಾಯ್ಲರ್‌ನ ಬೆಸುಗೆಗಳ ಬಳಿ ಹಸಿರು ಅಥವಾ ಬಿಳಿ ಕಲೆ ಇದ್ದರೆ ಅಲ್ಲಿ ನೀರು ಸೋರಿದೆ ಎಂದರ್ಥ. ಜೋಡಣೆಯ ಸೋರಿಕೆ ಸರಿಪಡಿಸಬಹುದು, ಬಾಯ್ಲರ್ ಮೈಯೇ ಬಿರುಕು ಬಿಟ್ಟಿದ್ದರೆ ಕೈಬಿಡಿ. ಆ ಮಾದರಿಯ ಬಿಡಿಭಾಗ ಸಿಗುತ್ತದೆಯೇ ವಿಚಾರಿಸಿ. ಗ್ಯಾಸ್ಕೆಟ್, ವಾಲ್ವ್, ಹೀಟರ್, ಪಂಪ್ ಇವುಗಳ ಬೆಲೆ ಕೇಳಿ ಬರೆದುಕೊಂಡು, ಅದನ್ನು ಯಂತ್ರದ ಬೆಲೆಗೆ ಕೂಡಿಸಿ ನೋಡಿ. ಅಗ್ಗವೋ ಅಲ್ಲವೋ ಎಂಬುದು ಆ ಮೊತ್ತದಿಂದ ಗೊತ್ತಾಗುತ್ತದೆ.

ಹಿಂಬದಿಯ ಫಲಕದಲ್ಲಿ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಮನೆಯ 16 ಆಂಪಿಯರ್ ಪ್ಲಗ್ ಹೆಚ್ಚೆಂದರೆ 3,680 ವ್ಯಾಟ್ ತಾಳುತ್ತದೆ. ಎರಡು ತಲೆಯ ಅನೇಕ ಯಂತ್ರಗಳು ಇದನ್ನು ಮೀರುತ್ತವೆ, ಕೆಲವಕ್ಕೆ ತ್ರೀ ಫೇಸ್ ಸಂಪರ್ಕವೇ ಬೇಕು.

ಬಿಚ್ಚುವುದು, ಸುಣ್ಣ ತೆಗೆಯುವುದು

ಪ್ಲಗ್ ಕಿತ್ತು, ಬಾಯ್ಲರ್ ತಣಿದು ಒತ್ತಡದ ಮುಳ್ಳು ಸೊನ್ನೆಗೆ ಇಳಿದ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲಿ. ಸ್ಕ್ರೂಗಳನ್ನು ಖಾಲಿ ಡಬ್ಬಿಗಳಲ್ಲಿ ಹಾಕಿ ಹೆಸರು ಬರೆದಿಡಲಿ. ಸನ್ನೆಕೋಲಿನ ಯಂತ್ರವಾದರೆ ಒಳಗೆ ಬಲವಾದ ಸ್ಪ್ರಿಂಗ್ ಇದೆ. ಅದನ್ನು ಅರಿಯದೆ ಬಿಚ್ಚಿದರೆ ಮುಖಕ್ಕೆ ಹಾರುತ್ತದೆ. ತೀರಾ ಹಳೆಯ ಯಂತ್ರದ ಬಾಯ್ಲರ್‌ಗೆ ಸುತ್ತಿದ ಬೂದು ಹೊದಿಕೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಆಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಅದನ್ನು ಮನೆಯಲ್ಲಿ ಹರಿಯಬೇಡಿ, ಕೆರೆಯಬೇಡಿ. ತಿಳಿದವರಿಗೆ ಬಿಡಿ.

ನಿಮ್ಮ ಚಹಾ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ಗಡಸು ನೀರಿನ ಅದೇ ಸುಣ್ಣ ಬಾಯ್ಲರ್‌ನಲ್ಲಿ ಕಲ್ಲಾಗಿ ಕೂರುತ್ತದೆ. ತಾಮ್ರದ ಬಾಯ್ಲರ್‌ಗೆ ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಹಾಕಿದರೆ ಗುಳ್ಳೆ ಏಳುತ್ತಾ ಸುಣ್ಣ ಕರಗುತ್ತದೆ. ಇದು ನಿಂಬೆಹಣ್ಣಿನಲ್ಲಿರುವ ಹುಳಿಯೇ. ಗುಳ್ಳೆ ನಿಂತ ಮೇಲೆ ಚೆಲ್ಲಿ ಹಲವು ಬಾರಿ ತೊಳೆಯಬೇಕು. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬೇಡಿ. ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ.

ತೊಳೆಯುವುದರಲ್ಲಿ ಜಿಪುಣತನ ಬೇಡ. ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಇರುತ್ತದೆ. ಕೆಲವು ಎಸ್ಪ್ರೆಸ್ಸೊ ಯಂತ್ರಗಳಲ್ಲಿ ಸುಣ್ಣ ತೆಗೆದ ಬಳಿಕ ಬರುವ ನೀರಿನಲ್ಲಿ ಸೀಸ ಹೆಚ್ಚಿರುವುದನ್ನು 2013ರಲ್ಲಿ ಜರ್ಮನಿಯ ಸರಕಾರಿ ಅಪಾಯ ಮೌಲ್ಯಮಾಪನ ಸಂಸ್ಥೆ ತೋರಿಸಿತ್ತು. ಸೀಸ ಮಕ್ಕಳ ಮಿದುಳಿಗೆ ಹಾನಿ. ಆದ್ದರಿಂದ ಮೊದಲ ಕೆಲವು ಬಾಯ್ಲರ್ ನೀರನ್ನು ಪೂರ್ತಿ ಚೆಲ್ಲಿ. ರಾತ್ರಿಯಿಡೀ ಒಳಗೆ ನಿಂತ ನೀರನ್ನೂ ಬೆಳಿಗ್ಗೆ ಕುಡಿಯದೆ ಹರಿಯಬಿಡಿ.

ಹೊಸದೇ ಆಗಬೇಕಾದವು

ಬಿಸಿಗೆ ಕಲ್ಲಿನಂತಾದ ರಬ್ಬರ್ ಗ್ಯಾಸ್ಕೆಟ್‌ಗಳನ್ನೆಲ್ಲ ಬದಲಿಸಬೇಕು. ಬಾಯ್ಲರ್‌ನ ಸೇಫ್ಟಿ ವಾಲ್ವನ್ನು ತಿಕ್ಕಿ ಮರಳಿ ಕೂರಿಸುವುದು ಬೇಡ, ಅದೇ ಅಳತೆಯ, ಅದೇ ಒತ್ತಡಕ್ಕೆ ತೆರೆದುಕೊಳ್ಳುವ ಹೊಸದನ್ನೇ ಹಾಕಿ. ಅದು ಸೋರುತ್ತದೆಂದು ಮುಚ್ಚಿ ಬಿಗಿಯುವುದು ಮನೆಯೊಳಗೆ ಬಾಂಬ್ ಇಟ್ಟಂತೆ.

ಇನ್ನೊಂದು ಪುಟ್ಟ ವಾಲ್ವ್ ಇದೆ. ಬಿಸಿಯಾಗುವಾಗ ಗಾಳಿಯನ್ನು ಹೊರಬಿಟ್ಟು, ತಣಿಯುವಾಗ ಒಳಗೆಳೆದುಕೊಳ್ಳುವುದು ಅದರ ಕೆಲಸ. ಅದು ಕಟ್ಟಿಕೊಂಡರೆ ತಣಿಯುವ ಬಾಯ್ಲರ್ ಹಬೆ ಕೊಳವೆಯ ಮೂಲಕ ಹಾಲನ್ನೇ ಹೀರಿಕೊಳ್ಳಬಹುದು. ಒಳಗೆ ಕೊಳೆತ ಹಾಲಿನ ಹಬೆ ನಾಳೆ ಇನ್ನೊಬ್ಬರ ಲೋಟಕ್ಕೆ ಹೋಗುತ್ತದೆ. ಸಣ್ಣ ಬೆಲೆಯ ಈ ಭಾಗವನ್ನು ಹೆಚ್ಚಿನವರು ಮರೆಯುತ್ತಾರೆ.

ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ನೀರು, ಲೋಹ, ವಿದ್ಯುತ್ ಮೂರೂ ಒಂದೇ ಕಡೆ ಇವೆ. ಸರಿಯಾದ ಅರ್ತಿಂಗ್ ಬೇಕು, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಹೀಟರ್ ತೇವ ಹೀರಿಕೊಂಡಿದ್ದರೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಆಗ ಹೀಟರನ್ನು ಒಣಗಿಸಬೇಕು, ಇಲ್ಲವೇ ಬದಲಿಸಬೇಕು. ಆರ್‌ಸಿಸಿಬಿಯನ್ನೇ ತೆಗೆದುಹಾಕುವ ಬುದ್ಧಿವಂತಿಕೆ ಬೇಡವೇ ಬೇಡ.

ಮೊದಲ ಬಿಸಿ

ಬಾಯ್ಲರ್‌ಗೆ ಮೊದಲು ತಣ್ಣೀರನ್ನೇ ತುಂಬಿ ಪಂಪಿನ ಒತ್ತಡ ಕೊಟ್ಟು ಪರೀಕ್ಷಿಸುವುದು ಅನುಭವಿ ಮೆಕ್ಯಾನಿಕ್‌ನ ಕೆಲಸ. ತಣ್ಣೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಹಬೆ ಸೋರಿದರೆ ಮೈ ಸುಡುತ್ತದೆ. ಆಮೇಲೆ ನೀರಿನ ಮಟ್ಟ ನೋಡಿಯೇ ಸ್ವಿಚ್ ಹಾಕಿ. ನೀರಿಲ್ಲದೆ ಉರಿದ ಹೀಟರ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಮಕ್ಕಳು ದೂರವಿರಲಿ, ಯಂತ್ರ ಗಟ್ಟಿ ಮೇಜಿನ ಮೇಲಿರಲಿ. ಒತ್ತಡದ ಮುಳ್ಳು 1.3 ದಾಟಿ ಏರುತ್ತಲೇ ಹೋದರೆ ಪ್ರೆಶರ್ ಸ್ವಿಚ್ ಕೆಲಸ ಮಾಡುತ್ತಿಲ್ಲ ಎಂದರ್ಥ, ತಕ್ಷಣ ಮೈನ್ ಆರಿಸಿ.

ಎಲ್ಲ ಸರಿಯಾದ ಮೇಲೆ ಕಾಫಿ. ಚಿಕ್ಕಮಗಳೂರಿನದೋ ಕೊಡಗಿನದೋ ಹೊಸದಾಗಿ ಹುರಿದ ಬೀಜವನ್ನು ನುಣ್ಣಗೆ ಬೀಸಿ 18 ಗ್ರಾಂ ಹಾಕಿದರೆ, 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕು. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ ಇದಕ್ಕೆ ಹೊಂದುವುದಿಲ್ಲ.

ಮಗ ರಾತ್ರಿ ಕೂತು ತುಕ್ಕು ತಿಕ್ಕುತ್ತಿದ್ದರೆ ಗುಜರಿ ಎಂದು ಹೀಗಳೆಯಬೇಡಿ. ಎಸೆಯುವುದನ್ನು ಎತ್ತಿ ನಿಲ್ಲಿಸುವುದು ಒಳ್ಳೆಯ ಗುಣ, ಅದರಿಂದ ಅವನಿಗೊಂದು ಅಂಗಡಿಯೂ ಆಗಬಹುದು. ಆದರೆ ಮಾರಾಟಕ್ಕೆ ಇಳಿಯುವ ಮೊದಲು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಲು ಹೇಳಿ. ಜೊತೆಗೆ ಮೂರು ಪ್ರಶ್ನೆ ಕೇಳಿ: ಸೇಫ್ಟಿ ವಾಲ್ವ್ ಹೊಸದೇ? ಅರ್ತಿಂಗ್ ಪರೀಕ್ಷಿಸಿದ್ದೀಯಾ? ಆ ನೀರನ್ನು ನಿನ್ನ ತಂಗಿಗೆ ಕುಡಿಸುತ್ತೀಯಾ? ಮೂರಕ್ಕೂ ಹೌದು ಎಂದರೆ, ಪಾಲಿಶ್ ಡಬ್ಬಿ ತರಲು ನೀವೇ ಹಣ ಕೊಡಿ.