ಹಸಿ ಗೋಡೆಯೂ ಪುಕ್ಕಟೆಯ ಮಾತೂ



ಚಾಳಿನ ಖೋಲಿ ಬಿಟ್ಟು, ಝೋಪಡಿ ಬಿಟ್ಟು ಹೊಸ ಕಟ್ಟಡಗಳಿಗೆ ಹೋದ ನಮ್ಮವರ ಮನೆಗಳನ್ನು ಮಳೆಗಾಲದಲ್ಲಿ ಒಮ್ಮೆ ನೋಡಿ ಬನ್ನಿ. ಕಪಾಟಿನ ಹಿಂದೆ ಕೈಯಿಟ್ಟರೆ ಅಂಗೈ ಒದ್ದೆ. ಮೂಲೆಯಲ್ಲಿ ಕರಿ ಬೂಷ್ಟು. ಊರಿನಿಂದ ತಂದ ಚಾಪೆಗೂ ಮಕ್ಕಳ ಪುಸ್ತಕಕ್ಕೂ ಒಂದೇ ಮುಗ್ಗಲು ವಾಸನೆ. ದೂರು ಹೇಳಲು ಹೋದರೆ ಬರುವ ಉತ್ತರವೂ ಎಲ್ಲ ಕಡೆ ಒಂದೇ: "ನೀವು ಒಳಗೆ ಬಟ್ಟೆ ಒಣಗಿಸುತ್ತೀರಿ, ಅದಕ್ಕೇ ಹೀಗೆ. ಪುಕ್ಕಟೆ ಮನೆ ಸಿಕ್ಕಿದೆಯಲ್ಲ, ಇನ್ನೇನು ಬೇಕು?"

ಮೊದಲು ಬಟ್ಟೆಯ ಮಾತು. ಇಡ್ಲಿ ಹಬೆಯ ಮುಂದೆ ನಿಂತು ಬೆಳೆದ ನಮಗೆ ಹಬೆಯ ಗುಣವನ್ನು ಯಾರೂ ಕಲಿಸಬೇಕಾಗಿಲ್ಲ. ಒಂದೇ ಕೋಣೆಯಲ್ಲಿ ಅನ್ನ ಬೆಂದು, ಆರು ಜನ ಮಲಗಿ, ಬಟ್ಟೆಯೂ ಒಣಗಿದರೆ ತಣ್ಣನೆಯ ಗೋಡೆ ಬೆವರುತ್ತದೆ, ನಿಜ. ಆದರೆ ಬಟ್ಟೆಯನ್ನು ಎಲ್ಲಿ ಒಣಗಿಸಬೇಕು ಸ್ವಾಮಿ? ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಗೋವಂಡಿ-ಮಾನ್ಖುರ್ದ್ ಕಡೆಯ ಲಲ್ಲೂಭಾಯಿ ಕಂಪೌಂಡ್, ನಟವರ್ ಪಾರೇಖ್ ಕಂಪೌಂಡ್ ಮುಂತಾದ ಪುನರ್ವಸತಿ ವಸಾಹತುಗಳನ್ನು 'ಡಾಕ್ಟರ್ಸ್ ಫಾರ್ ಯೂ' ಸಂಸ್ಥೆಯವರು ಪರೀಕ್ಷಿಸಿ ನೋಡಿದರು. ಗಾಳಿ ಬೆಳಕು ಕಡಿಮೆಯಾದ ಮನೆಗಳಲ್ಲಿ ಕ್ಷಯರೋಗ ಹೆಚ್ಚು ಎಂದು 2018ರಲ್ಲಿ ಹೊರಬಂದ ಅವರ ವರದಿ ತಿಳಿಸಿತು. ಎರಡು ಕಟ್ಟಡಗಳ ನಡುವೆ ಇಷ್ಟೇ ಜಾಗ ಸಾಕೆಂದು ನಕ್ಷೆಗೆ ಸಹಿ ಹಾಕಿದವರು ನಾವಲ್ಲ.

ಇನ್ನು ಗೋಡೆಯ ಕಥೆ. ಒಂದು ಚೀಲ ಸಿಮೆಂಟನ್ನು ಕಾಂಕ್ರೀಟಿಗೆ ಕಲಸಲು ಸುಮಾರು 25 ಲೀಟರ್ ನೀರು ಬೇಕು. ಆಮೇಲೆ ದಿನಗಟ್ಟಲೆ ಮೇಲಿನಿಂದ ನೀರು ಹೊಯ್ಯಬೇಕು. ಇಷ್ಟೆಲ್ಲ ನೀರು ಆರಿಹೋಗಲು ತಿಂಗಳುಗಳೇ ಹಿಡಿಯುತ್ತವೆ. ಕಂತ್ರಾಟುದಾರನಿಗೆ ಅಷ್ಟು ಪುರುಸೊತ್ತೆಲ್ಲಿ? ಹಸಿ ಗಾರೆಯ ಮೇಲೆಯೇ ಬಣ್ಣ ಬಳಿದು ಫೋಟೋ ತೆಗೆಸಿಕೊಳ್ಳುತ್ತಾನೆ. ಜೂನ್ ತಿಂಗಳು ಬಂತೆಂದರೆ ಹೊರಗಿನ ಗಾರೆಯ ಬಿರುಕಿನಿಂದ ಮಳೆನೀರು, ಮೇಲಿನ ಮನೆಯ ಮೋರಿಯಿಂದ ಕೊಳೆನೀರು. ಬಣ್ಣ ಹಪ್ಪಳದಂತೆ ಏಳುತ್ತದೆ.

ಯಾವ ನೀರು ಎಲ್ಲಿಯದೆಂದು ನೀವೇ ನೋಡಬಹುದು. ಒಣ ಬಟ್ಟೆಯಿಂದ ಗೋಡೆಯನ್ನು ಒರೆಸಿ, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಅಂಟಿಸಿಡಿ. ನಮ್ಮ ಕಡೆಯ ಮೈ ಒದ್ದೆಯಾದರೆ ಅದು ಕೋಣೆಯ ಹಬೆ. ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿನದು. ಆಗ ಬಟ್ಟೆಯ ಕಥೆ ಹೇಳುವವರ ಮುಂದೆ ಆ ಹಾಳೆಯನ್ನೇ ಹಿಡಿಯಿರಿ.

ಪುಕ್ಕಟೆ ಎಂಬ ಮಾತಿಗೆ ಬರೋಣ. ಝೋಪಡಪಟ್ಟಿಯ ಪುನರ್ವಸತಿಯಲ್ಲಿ ನಾವು ಬಿಟ್ಟುಕೊಟ್ಟ ಜಾಗದಲ್ಲೇ ಬಿಲ್ಡರನು ಮಾರಾಟದ ಕಟ್ಟಡವನ್ನೂ ಎಬ್ಬಿಸುತ್ತಾನೆ. ಅವನ ಲಾಭ ಬರುವುದು ಅದರಿಂದ. ಗಿರಣಿ ಕಾರ್ಮಿಕರಿಗಂತೂ ಪುಕ್ಕಟೆಯೂ ಇಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಬಂದರು. ಗಿರಣಿಗಳು ಮುಚ್ಚಿದವು, ಗಿರಣಿಯ ನೆಲದಲ್ಲಿ ಮಾಲುಗಳೂ ಗೋಪುರಗಳೂ ಎದ್ದವು. ಕಾರ್ಮಿಕರಿಗಾಗಿ 2016ರಲ್ಲಿ ಚೀಟಿ ಎತ್ತಿದ ಮನೆಗಳು ಎಲ್ಲಿದ್ದವು? ಪನ್ವೇಲಿನಾಚೆಯ ಕೋನ್ ಎಂಬಲ್ಲಿ. ಬೆಲೆ 6 ಲಕ್ಷ ರೂಪಾಯಿ. ಅವು ಕೋವಿಡ್ ಕಾಲದಲ್ಲಿ ರೋಗಿಗಳನ್ನಿಡಲು ಬಳಕೆಯಾದವು, ವರ್ಷಗಟ್ಟಲೆ ಬೀಗ ಬಿದ್ದಿದ್ದವು. ಕೀಲಿ ಕೈಗೆ ಬರುವ ಮೊದಲೇ ಹೊಸ ಮನೆಗೆ ದುರಸ್ತಿ ಬೇಕಾಯಿತು! ಚೀಟಿ ಎದ್ದಾಗ ಅರವತ್ತು ದಾಟಿದ್ದ ಮುದುಕರು ಕಾಯುತ್ತಲೇ ಇದ್ದರು.

ಕಾನೂನೂ ಎರಡು ಬಗೆಯಾಗಿದೆ. 2016ರ ರೇರಾ ಕಾಯಿದೆಯ 14ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ಕಟ್ಟಡದ ಕೆಲಸದಲ್ಲಿ ದೋಷ ಕಂಡರೆ ಬಿಲ್ಡರನು 30 ದಿನಗಳಲ್ಲಿ ತನ್ನ ಖರ್ಚಿನಿಂದ ಸರಿಪಡಿಸಬೇಕು. ಆದರೆ ಪುನರ್ವಸತಿಯ ಮನೆ ಮಾರಾಟದ್ದಲ್ಲವೆಂದು ರೇರಾ ನೋಂದಣಿಯಿಂದ ಹೊರಗೆ. ಒಂದೇ ನೆಲ, ಒಬ್ಬನೇ ಬಿಲ್ಡರ್, ಒಂದೇ ಮಳೆ. ಆಚೆಯ ಗೋಪುರದ ಗೋಡೆಗೆ ಐದು ವರ್ಷದ ಹೊಣೆ, ಈಚೆಯ ಗೋಡೆಗೆ ಉಪದೇಶ. ಅದೇ 5 ವರ್ಷ, ಅದೇ 30 ದಿನ ಪುನರ್ವಸತಿಯ ಮನೆಗೂ, ಗಿರಣಿ ಕಾರ್ಮಿಕರ ಮನೆಗೂ ಬರಹದಲ್ಲಿ ಸಿಗಬೇಕೆಂಬುದು ನಮ್ಮ ಬೇಡಿಕೆ.

ಅದು ಸಿಗುವ ತನಕ, ಒಬ್ಬೊಬ್ಬರೇ ಸಾಲ ಮಾಡಿ ವಾಟರ್‌ಪ್ರೂಫ್ ಬಣ್ಣದ ಡಬ್ಬಿ ತರಬೇಡಿ. ನೀರು ಹೊರಗಿನಿಂದ ಬರುವಾಗ ಒಳಗೆ ಬಣ್ಣ ಬಳಿದರೆ ಮುಂದಿನ ಮಳೆಗೆ ಅದೂ ಏಳುತ್ತದೆ, ಲಾಭ ಅಂಗಡಿಯವನಿಗೆ. ಕೀಲಿ ಪಡೆಯುವ ದಿನ ಮೋರಿಯ ತೂತು ಮುಚ್ಚಿ, ನೀರು ತುಂಬಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ಕೆಳಗಿನ ಮನೆಯ ಛತ್ತನ್ನು ನೋಡಿ. ಒಸರು ಕಂಡರೆ "ಎಲ್ಲ ಸರಿಯಿದೆ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಈಗಾಗಲೇ ವಾಸವಿರುವವರು ಕಟ್ಟಡದ ಎಲ್ಲ ಮನೆಗಳ ಒದ್ದೆ ಗೋಡೆಯ ಫೋಟೋ ತೆಗೆದು, ತಾರೀಖು ಮತ್ತು ಖೋಲಿ ನಂಬರು ಬರೆದು ಭಾನುವಾರ ಸಂಘದ ಕಚೇರಿಗೆ ತನ್ನಿ. ಮರಾಠಿಯಲ್ಲಿ ಅರ್ಜಿ ಬರೆಯುವವರು ನಮ್ಮಲ್ಲಿದ್ದಾರೆ. ಹೋಟೆಲಿನ ಪಾಳಿ ಮುಗಿಸಿ ತಡವಾಗಿ ಬಂದರೂ ಬಾಗಿಲು ತೆರೆದಿರುತ್ತದೆ.