ಟಿ.ವಿ. ಹಸುವಿಗೆ ಮೇವಿನ ಖರ್ಚಿಲ್ಲ!



ಟಿ.ವಿ. ಹಳ್ಳಿಗೆ ಬಂದದ್ದೇ ರೈತನ ಹೆಸರು ಹೇಳಿಕೊಂಡು. 1967ರ ಜನವರಿ 26ರಂದು ದೆಹಲಿ ಸುತ್ತಮುತ್ತಲ 80 ಹಳ್ಳಿಗಳಿಗೆಂದು ‘ಕೃಷಿ ದರ್ಶನ’ ಶುರುವಾಯಿತು. 1975-76ರಲ್ಲಿ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ತೋರಿಸಿದರು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 2015ರ ಮೇ 26ರಂದು ರೈತರಿಗೆಂದೇ ‘ಡಿ.ಡಿ. ಕಿಸಾನ್’ ಎಂಬ ಚಾನೆಲ್ಲೇ ಹುಟ್ಟಿತು. ಖಾಸಗಿ ಚಾನೆಲ್ಲುಗಳಿಗಂತೂ ಲೆಕ್ಕವಿಲ್ಲ. ಇಷ್ಟೆಲ್ಲ ನಮ್ಮ ಹೆಸರಿನಲ್ಲಿ ನಡೆದಿದೆ. ಆದರೆ ಇವರಲ್ಲಿ ಎಷ್ಟು ಜನ ನಮ್ಮ ಕೊಟ್ಟಿಗೆಯನ್ನು ಕಣ್ಣುಬಿಟ್ಟು ನೋಡಿದ್ದಾರೆ?

ಟಿ.ವಿ.ಯಲ್ಲಿ ಮೂರು ಜಾತಿ ಹಸುಗಳಿವೆ. ಒಂದು ಜಾಹೀರಾತಿನ ಹಸು. ಹಸಿರು ಹುಲ್ಲುಗಾವಲಿನಲ್ಲಿ ಕಟ್ಟದೆ, ಬಿಗಿಯದೆ ಮೇಯುತ್ತಿರುತ್ತದೆ. ಎರಡನೆಯದು ಹಬ್ಬದ ಹಸು. ಅರಿಸಿನ, ಕುಂಕುಮ, ಕೊರಳಿಗೆ ಹೂವಿನ ಹಾರ. ಮೂರನೆಯದು ಯಶೋಗಾಥೆಯ ಹಸು. ಈ ಮೂರನೆಯದೇ ನಮಗೆ ಹೆಚ್ಚು ಕೇಡು ಮಾಡಿರುವುದು.

ಯಶೋಗಾಥೆ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಇಸ್ತ್ರಿ ಬಟ್ಟೆ ಹಾಕಿದ ಒಬ್ಬರು ಕೊಟ್ಟಿಗೆ ಮುಂದೆ ನಿಂತು ಒಂದು ಹಸು ದಿನಕ್ಕೆ 10 ಲೀಟರ್, ವರ್ಷಕ್ಕೆ 3,650 ಲೀಟರ್, ಹತ್ತು ಹಸುವಿಗೆ ಇಷ್ಟು ಲಕ್ಷ ಎಂದು ಹೇಳಿಸುತ್ತಾರೆ. ಯಾವ ಹಸು ಸ್ವಾಮಿ ವರ್ಷಪೂರ್ತಿ 365 ದಿನ ಒಂದೇ ಸಮ ಹಾಲು ಕೊಡುವುದು? ಈದ ಹೊಸದರಲ್ಲಿ 10 ಲೀಟರ್ ಕೊಟ್ಟ ಹಸು ಏಳೆಂಟು ತಿಂಗಳಿಗೆ ನಾಲ್ಕೈದು ಲೀಟರಿಗೆ ಇಳಿಯುತ್ತದೆ. ಮುಂದಿನ ಕರು ಹಾಕುವ ಮೊದಲು ಎರಡು ತಿಂಗಳು ಬತ್ತಿಸಲೇಬೇಕು. ಹಾಲು ನಿಂತರೆ ಹಸುವಿನ ಹೊಟ್ಟೆಯೂ ನಿಲ್ಲುತ್ತದೆಯೇ? ಒಂದು ಬೆದೆ ತಪ್ಪಿತೆಂದರೆ 21 ದಿನ ಕೈಬಿಟ್ಟು ಹೋಯಿತು. ಕೆಚ್ಚಲು ಬಾವು ಬಂತೆಂದರೆ ಆ ಹಾಲು ಡೈರಿಗೂ ಇಲ್ಲ, ಮನೆಗೂ ಇಲ್ಲ, ಮೇಲೆ ಡಾಕ್ಟರ ಖರ್ಚು.

ಇನ್ನು ಮೇವಿನ ಲೆಕ್ಕ. ಮೈ ಕಾಪಾಡಿಕೊಳ್ಳಲು ಒಂದೂವರೆ-ಎರಡು ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ ಕೊಡಿ ಎಂದು ನಮಗೆ ಪಾಠ ಹೇಳಿದವರು ತಜ್ಞರೇ. ಅವರ ಲೆಕ್ಕದಂತೆಯೇ 10 ಲೀಟರ್ ಹಸುವಿಗೆ ದಿನಕ್ಕೆ ಸುಮಾರು 6 ಕಿಲೋ ಆಯಿತು. 50 ಕಿಲೋ ಚೀಲ ಎಂಟು ದಿನಕ್ಕೆ ಖಾಲಿ. ಚೀಲದ ಬೆಲೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಹಸಿ ಹುಲ್ಲು, ಒಣ ಹುಲ್ಲು, ಬೂಸಾ, ಹಿಂಡಿ ಬೇರೆ. ಹಸು ತಂದ ಸಾಲದ ಬಡ್ಡಿ ಬೇರೆ. ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಾಚಿ, ಮೈ ತೊಳೆದು, ಹಾಲು ಕರೆದು, ಮತ್ತೆ ಸಂಜೆಗೂ ಅದನ್ನೇ ಮಾಡುವ ನಮ್ಮ ಹೆಣ್ಣುಮಕ್ಕಳ ದುಡಿಮೆಗೆ ಕೂಲಿ ಹಾಕಿದವರುಂಟೇ? ಯಶೋಗಾಥೆಯಲ್ಲಿ ಮಾತಾಡುವವನು ಗಂಡಸು, ಹಿಂದೆ ಸಗಣಿ ಎತ್ತುವವಳು ಹೆಂಗಸು. ಅವಳ ಕೂಲಿಯನ್ನೇ ಅವರು ಲಾಭ ಎಂದು ತೋರಿಸುತ್ತಾರೆ.

ಟಿ.ವಿ.ಯವರು ಏನಾದರೂ ತೋರಿಸಿಕೊಳ್ಳಲಿ ಬಿಡಿ, ನಮಗೇನು ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ. ಹಾಲಿನ ಬೆಲೆಯ ಮಾತು ಬಂದಾಗ ಕೂಗುವ ಪೇಟೆಯ ಜನ ನಮ್ಮ ಕೊಟ್ಟಿಗೆಗೆ ಬಂದವರಲ್ಲ, ಟಿ.ವಿ.ಯಲ್ಲಿ ಹಸು ಕಂಡವರು. ನಂದಿನಿ ಹಾಲಿಗೆ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ಆಗ ಕ್ಯಾಮೆರಾ ಎಲ್ಲಿ ನಿಂತಿತ್ತು? ಪೇಟೆಯ ಹಾಲಿನ ಬೂತಿನ ಮುಂದೆ. ಜನಸಾಮಾನ್ಯರಿಗೆ ಬರೆ ಎಂದು ಅರಚಿದರು. ನಾವು ಜನಸಾಮಾನ್ಯರಲ್ಲವೇನು? ಏರಿಸಿದ ಹಣ ರೈತನಿಗೇ ಸೇರುತ್ತದೆ ಎಂದು ಸರ್ಕಾರ ಹೇಳಿತು. ಎಷ್ಟು ಸೇರಿತು, ಎಷ್ಟು ದಿನ ನಿಂತಿತು, ಪಶು ಆಹಾರದ ಬೆಲೆ ಅದರಲ್ಲಿ ಎಷ್ಟು ನುಂಗಿತು ಎಂದು ಬಟವಾಡೆ ಪುಸ್ತಕ ಬಿಚ್ಚಿ ತೋರಿಸಿದ ಟಿ.ವಿ. ಯಾವುದು? ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬಿದ್ದಾಗ ಅದು ಬರೆಯಾಗಿ ಇವರಿಗೆ ಕಾಣಲಿಲ್ಲ. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂದು ನಮ್ಮ ಚಳವಳಿ ಹೇಳಿದ್ದು ಸುಳ್ಳೇ?

ಹಬ್ಬದ ಹಸುವಿನದೂ ಇದೇ ಕತೆ. ಪೂಜೆ ಬೇಡ ಎಂದು ನಾವು ಹೇಳುವುದಿಲ್ಲ. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವವರು ನಾವೇ. ಆದರೆ ಪೂಜೆ ಮುಗಿದ ಮಾರನೆ ದಿನ ಹೊಟ್ಟೆಗೆ ಹಾಕುವವರೂ ನಾವೇ. 2021ರಲ್ಲಿ ಜಾರಿಗೆ ಬಂದ ಕಾಯ್ದೆ 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬೇರೆ ಜಾನುವಾರು ಕಡಿಯುವುದನ್ನು ನಿಷೇಧಿಸಿತು. ಟಿ.ವಿ.ಯಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಧರ್ಮದ ಮಾತು ಬಂತು, ಪಕ್ಷದ ಮಾತು ಬಂತು. ಸೀಮೆ ಹಸುವಿನ ಗಂಡುಕರುವನ್ನು ಏನು ಮಾಡುವುದು, ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಕೊಳ್ಳುವವರು ಯಾರು, ಗೊಡ್ಡು ಹಸುವಿಗೆ ಸಾಯುವ ತನಕ ಹಾಕುವ ಮೇವಿನ ದುಡ್ಡು ಯಾರದು ಎಂದು ಕೊಟ್ಟಿಗೆಯವನನ್ನು ಕೂರಿಸಿ ಕೇಳಬೇಕಿತ್ತು. ಅದಕ್ಕೆ ಅಲ್ಲಿ ಜಾಗ ಇರಲಿಲ್ಲ.

ನಿಜ ತೋರಿಸಲು ಆಗುವುದೇ ಇಲ್ಲವೇ? ಆಗುತ್ತದೆ. 1976ರಲ್ಲಿ ಶ್ಯಾಮ್ ಬೆನಗಲ್ ‘ಮಂಥನ್’ ಸಿನಿಮಾ ಮಾಡಿದರು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಅದು. ಅದರಲ್ಲಿ ಹಾಲಿನ ಜೊತೆಗೆ ಖಾಸಗಿ ಡೈರಿಯವನ ಮೋಸವಿತ್ತು, ಸರಪಂಚನ ದರ್ಬಾರಿತ್ತು, ಜಾತಿ ಜಗಳವಿತ್ತು. ಮುಂದೆ ಅದೇ ಸಿನಿಮಾದ ಹಾಡು ಅಮುಲ್ ಜಾಹೀರಾತಾಗಿ ಟಿ.ವಿ.ಗೆ ಬಂತು. ಹಾಡು ಮಾತ್ರ ಬಂತು, ಜಗಳ ಬರಲಿಲ್ಲ. ರೈತ ದುಡ್ಡು ಹಾಕಿದಾಗ ರೈತನ ಕತೆ ಬಂತು. ಮಾರುವವನು ದುಡ್ಡು ಹಾಕಿದಾಗ ಹಾಲಿನ ಪೊಟ್ಟಣ ಬಂತು.

ನಮ್ಮ ಬೇಡಿಕೆ ದೊಡ್ಡದಲ್ಲ. ಯಶೋಗಾಥೆ ತೋರಿಸುವವರು ಆದಾಯದ ಪಕ್ಕದಲ್ಲೇ ಖರ್ಚು, ಸಾಲ, ಮನೆಯವರ ಕೂಲಿ ತೋರಿಸಲಿ. ಹಾಲಿನ ದರದ ಸುದ್ದಿ ಮಾಡುವವರು ಬೂತಿಗೆ ಹೋದಷ್ಟೇ ಹೊತ್ತು ಬೆಳಗಿನ ಜಾವ ಹಳ್ಳಿಯ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರ ಹತ್ತಿರವೂ ನಿಲ್ಲಲಿ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವ ಪಟ್ಟಿಯಲ್ಲಿ ಹಾಲಿಲ್ಲ ಎಂಬುದನ್ನೂ ಪೇಟೆಯ ಜನಕ್ಕೆ ತಿಳಿಸಲಿ. ಮೇವು, ಬಡ್ಡಿ, ಕೂಲಿ ಎಲ್ಲ ಸೇರಿಸಿ ಹಾಲಿಗೆ ವೈಜ್ಞಾನಿಕ ಬೆಲೆ ಕಟ್ಟಬೇಕು ಎಂಬುದು ನಮ್ಮ ಹೋರಾಟ. ಸುಳ್ಳು ಚಿತ್ರ ಇರುವ ತನಕ ಆ ಹೋರಾಟ ಪೇಟೆಯವರಿಗೆ ಅರ್ಥವಾಗುವುದಿಲ್ಲ.

1980ರ ದಶಕದಲ್ಲಿ, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಎಂದು ರೈತರು ಹಳ್ಳಿ ಹಳ್ಳಿಯಲ್ಲಿ ಬೋರ್ಡು ನೆಟ್ಟರು. ಈಗ ಕ್ಯಾಮೆರಾ ಹಿಡಿದು ಬಂದವರಿಗೂ ಒಂದು ಮಾತು ಹೇಳೋಣ: ಬನ್ನಿ, ಕೂತುಕೊಳ್ಳಿ, ಹಾಲು ಕುಡಿಯಿರಿ. ಮೊದಲು ಪಶು ಆಹಾರದ ರಸೀದಿ, ಸೊಸೈಟಿ ಸಾಲದ ಪುಸ್ತಕ, ಡೈರಿಯ ಬಟವಾಡೆ ಪುಸ್ತಕ ತೋರಿಸುತ್ತೇವೆ. ಅದನ್ನು ತೆಗೆದುಕೊಂಡ ಮೇಲೆ ಹಸುವಿನ ಫೋಟೋ ತೆಗೆಯಿರಿ. ಆಗೋದಿಲ್ಲ ಎಂದರೆ ಬಂದ ದಾರಿಗೆ ಸುಂಕವಿಲ್ಲ, ಹೋಗಿ ಬನ್ನಿ.